ಮುಟ್ಟಬಾರದ ದುಡ್ಡು

ಲಿಫ್ಟ್ ಮೇಸ್ತ್ರಿಯ ಹೆಂಡತಿಗೆ ಆ ಬೆಳಿಗ್ಗೆ ಬ್ಯಾಂಕಿನಲ್ಲಿ ಏನೂ ಕೆಲಸವಿರಲಿಲ್ಲ. ನೂಲಿನ ಅಂಗಡಿ ಅದರ ಪಕ್ಕದಲ್ಲಿತ್ತು, ಗಂಡನ ಜೊತೆಗೇ ಹೊರಟಿದ್ದಳು, ಅಷ್ಟೆ. ಬೀದಿಯವರಿಗೆಲ್ಲ ಆಕೆ ಟೈಲರಕ್ಕ. ಶಾಲೆಯ ಯೂನಿಫಾರ್ಮು ಹೊಲಿದು ಹೊಲಿದು ಬೆನ್ನು ಬಗ್ಗಿಸಿಕೊಂಡವಳು. ಗಂಡ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ರಿಪೇರಿಗೆಂದು ಲಿಫ್ಟಿನ ಗುಂಡಿಗೆ ಇಳಿದು ಹತ್ತಿ ಮಂಡಿ ಸವೆಸಿಕೊಂಡವನು. ಬರುವ ವರ್ಷ ಅವನು ಕೆಲಸ ಬಿಡಬೇಕು, ಕೂಡಿಟ್ಟ ಠೇವಣಿಯಲ್ಲಿ ಇಬ್ಬರೂ ಬದುಕಬೇಕು ಎಂದು ಮನೆಯೊಳಗೆ ಎಂದೋ ಮಾತಾಗಿತ್ತು.

ಉಳಿತಾಯದಲ್ಲಿ ಮೇಸ್ತ್ರಿಯನ್ನು ಮೀರಿಸುವವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ. ಸಂಬಳ ಬಂದ ಮಾರನೆಯ ದಿನ ಬ್ಯಾಂಕಿನ ಒಂದು ಕೌಂಟರಿನಲ್ಲಿ ಠೇವಣಿಗೆ ಕಟ್ಟುವುದು, ಪಕ್ಕದ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಕಟ್ಟುವುದು. ಒಂದು ತಿಂಗಳೂ ತಪ್ಪಿಸಿದವನಲ್ಲ. ಆ ಸಾಲ ನಾಲ್ಕು ವರ್ಷದ ಹಿಂದೆ ಹೆಂಡತಿಯ ಹೊಟ್ಟೆಯ ಆಪರೇಷನ್ನಿಗೆ ಮಾಡಿದ್ದು. "ಇನ್ನೆಷ್ಟು ಉಳಿದಿದೆ ರೀ?" ಎಂದು ಕೇಳಿದಾಗಲೆಲ್ಲ "ತೀರ್ತಾ ಇದೆ ಬಿಡು, ನಿಂಗ್ಯಾಕೆ ಅದೆಲ್ಲ?" ಎಂಬ ಒಂದೇ ಉತ್ತರ. ತನ್ನಿಂದಾದ ಸಾಲವಲ್ಲವೇ ಎಂಬ ಸಂಕೋಚಕ್ಕೆ ಆಕೆಯೂ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಅವತ್ತು ಗಂಡ ಠೇವಣಿಯ ಕೌಂಟರಿನಲ್ಲಿ ನಿಂತಿದ್ದಾಗ ಆಕೆ ಕಾರ್ಡಿನ ಕೌಂಟರಿನ ಹುಡುಗಿಯನ್ನೇ ಕೇಳಿಬಿಟ್ಟಳು. ನಾಲ್ಕು ವರ್ಷದಲ್ಲಿ ಆಸ್ಪತ್ರೆಯ ಬಿಲ್ಲಿನ ಎರಡರಷ್ಟು ಕಟ್ಟಿಯಾಗಿತ್ತು. ಆದರೂ ಸಾಲ ಅರ್ಧಕ್ಕಿಂತ ಹೆಚ್ಚೇ ಹಾಗೇ ಕೂತಿತ್ತು.

"ನೀವು ಕಟ್ತಾ ಇರೋದು ಕನಿಷ್ಠ ಮೊತ್ತ, ಅಮ್ಮ. ಅದರಲ್ಲಿ ಮುಕ್ಕಾಲು ಭಾಗ ಬಡ್ಡಿಗೇ ಹೋಗತ್ತೆ."

"ಮತ್ತೆ ಠೇವಣಿಗೆ ನೀವು ಕೊಡೋ ಬಡ್ಡಿ?"

"ಇದರ ಕಾಲು ಭಾಗಾನೂ ಬರಲ್ಲ," ಎಂದಳು ಹುಡುಗಿ, ತಾನೇ ತಪ್ಪು ಮಾಡಿದವಳಂತೆ.

ಕುರುಡ ಮುಂದೆ ಹಗ್ಗ ಹೊಸೆಯುತ್ತ ಹೋದಂತೆ, ಹಿಂದೆ ಕರು ಅದನ್ನು ಮೇಯುತ್ತ ಬಂದಂತಾಗಿತ್ತು. ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ನೂಲು ಕೊಳ್ಳುವುದನ್ನೂ ಮರೆತು ಮನೆಗೆ ಬಂದಳು.

"ಠೇವಣಿ ಮುರಿದು ಸಾಲ ತೀರಿಸಿ."

"ಅದು ಮುಟ್ಟಬಾರದ ದುಡ್ಡು ಕಣೇ! ಕೂಡಿಟ್ಟಿದ್ದಕ್ಕೆ ಕೈ ಹಾಕಿದ ಮನೆ ಉದ್ಧಾರ ಆಗಲ್ಲ ಅಂತ ನಮ್ಮಪ್ಪ ಹೇಳ್ತಿದ್ದರು."

"ನಿಮ್ಮಪ್ಪನ ಹತ್ರ ಕ್ರೆಡಿಟ್ ಕಾರ್ಡಿತ್ತಾ?"

ಮೇಸ್ತ್ರಿ ಸಿಡುಕಿದ. ಗೋಡೆಗಾದರೂ ಹೇಳಿದ್ದರೆ ಸುಣ್ಣ ಉದುರುತ್ತಿತ್ತೇನೋ, ಈ ಮನುಷ್ಯ ಅಲ್ಲಾಡಲಿಲ್ಲ. ಕೊನೆಗೆ ಆಕೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಬೀರು ತುಂಬ ಬಟ್ಟೆ ಇಟ್ಕೊಂಡು, ಅದು ಮುಟ್ಟಬಾರದ್ದು ಅಂತ ದಿನಾ ಬಾಡಿಗೆ ಪ್ಯಾಂಟು ಹಾಕ್ಕೊಂಡು ಓಡಾಡ್ತೀರಾ? ನೀವು ಮಾಡಿರೋದು ಅದೇ!"

ಮಾರನೆಯ ಬೆಳಿಗ್ಗೆ ಎದ್ದವನೇ ಮೇಸ್ತ್ರಿ ಚಪ್ಪಲಿ ಮೆಟ್ಟಿ, "ನಡಿ, ಬ್ಯಾಂಕಿಗೆ ಹೋಗೋಣ," ಎಂದ.

ಸಾಲ ತೀರಿತು. ಉಳಿದ ಠೇವಣಿ ಸಂಸಾರಕ್ಕೆ ಹೆಚ್ಚು ದಿನ ಬಾರದೆಂದು ಹುಡುಗಿ ಲೆಕ್ಕ ಮಾಡಿ ತೋರಿಸಿದಳು. ಆಪರೇಷನ್ನಿನ ವರ್ಷವೇ ಮುರಿದು ಕಟ್ಟಿದ್ದರೆ, ಬಡ್ಡಿಗೆ ಸುರಿದದ್ದೆಲ್ಲ ಅದೇ ಠೇವಣಿಗೆ ಸೇರುತ್ತಿತ್ತು, ಮೇಸ್ತ್ರಿ ಬರುವ ವರ್ಷ ಹಾಯಾಗಿ ಕಾಲು ಚಾಚಿ ಕೂರಬಹುದಿತ್ತು. ಮೇಸ್ತ್ರಿ ಅಲ್ಲಿಂದ ಸೀದಾ ಕಂಪನಿಗೆ ಹೋಗಿ, ಇನ್ನೂ ಎರಡು ವರ್ಷ ಇರುತ್ತೇನೆಂದು ಕೇಳಿಕೊಂಡು ಬಂದ. ಕಂಪನಿಯವರು ಖುಷಿಯಿಂದಲೇ ಒಪ್ಪಿದರಂತೆ.

ಬ್ಯಾಂಕಿನಿಂದ ಮನೆಗೆ ದಾರಿಯುದ್ದಕ್ಕೂ ಟೈಲರಕ್ಕ ಬೈಗುಳ ಜೋಡಿಸಿಕೊಂಡೇ ಬಂದಿದ್ದಳು. ಗಂಡನ ಮೇಲೆ, ಬ್ಯಾಂಕಿನ ಮೇಲೆ, ನಾಲ್ಕು ವರ್ಷ ಸಂಕೋಚಪಟ್ಟು ಸುಮ್ಮನಿದ್ದ ತನ್ನ ಮೇಲೂ ಕೋಪ. ಕಂಪನಿಯಿಂದ ಬಂದವನೇ ಅವನು ಕೆಲಸದ ಸಾಮಾನಿನ ಚೀಲವನ್ನು ಬರಿದು ಮಾಡಿ ತಂದು, ಅದರ ಹರಿದ ಹೆಗಲಪಟ್ಟಿಯನ್ನು ಹೊಲಿಗೆ ಮಿಶಿನ್ನಿನ ಮೇಲಿಟ್ಟ.

"ಎರಡು ವರ್ಷ ತಡೆಯೋ ಹಾಗೆ ಹೊಲಿದು ಕೊಡೇ."

ಆಕೆ ದಪ್ಪ ಬಟ್ಟೆ ಎರಡು ಮಡಿಕೆ ಒಳಗಿಟ್ಟು, ಹೊಲಿಗೆಯ ಮೇಲೆ ಹೊಲಿಗೆ ಹಾಕಿದಳು. ಮೇಸ್ತ್ರಿ ಪಟ್ಟಿಯನ್ನು ಹೆಗಲಿಗೇರಿಸಿ ಎಳೆದು ನೋಡಿದ.

"ಗಟ್ಟಿಯಾಗಿದೆ," ಎಂದು ಮೆಚ್ಚಿದ.

ಆಕೆಗೆ ಕತ್ತರಿ ತೆಗೆದುಕೊಂಡು ಅದನ್ನು ಚೂರುಚೂರು ಮಾಡಬೇಕೆನಿಸಿತು.