ಹಿಟ್ಟಿನ ಗಿರಣಿಯ ಮೇಲಿನ ಸಲಹಾ ಕೇಂದ್ರ

ಬೆಂಗಳೂರಿನ ಬಸವೇಶ್ವರನಗರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಗೆ 2004ರಲ್ಲಿ 'ಗೃಹ ಇಂಧನ ಸಲಹಾ ಕೇಂದ್ರ' ಎಂಬ ಬೋರ್ಡು ಬಿತ್ತು. ಮನೆಗಳಲ್ಲಿ ಕರೆಂಟು, ಗ್ಯಾಸು ಉಳಿಸುವುದು ಹೇಗೆಂದು ಜನರಿಗೆ ಪುಕ್ಕಟೆ ತಿಳಿಸಿಕೊಡಲು ಒಂದು ಟ್ರಸ್ಟು ಅದನ್ನು ತೆರೆದಿತ್ತು. ನಡೆಸಲು ನೇಮಕವಾದವಳು ಕಲಾವತಿ. ತವರು ಗದಗದ ಕಡೆ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದ ತಮ್ಮ ಕಡೆಯವನೇ ಆದ ರುದ್ರೇಶನನ್ನು ಮದುವೆಯಾಗಿ ಮಹಾಲಕ್ಷ್ಮಿ ಲೇಔಟಿಗೆ ಬಂದಿದ್ದಳು.

ಮೊದಮೊದಲು ಕೇಂದ್ರಕ್ಕೆ ಬಂದವರೆಲ್ಲ ಅದನ್ನು ವಿದ್ಯುತ್ ಕಚೇರಿಯೆಂದೇ ತಿಳಿದಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಬಿಲ್ಲು ಜಾಸ್ತಿ ಬಂದಿದೆ, ಕಮ್ಮಿ ಮಾಡಿಕೊಡಮ್ಮ" ಅನ್ನುತ್ತಿದ್ದರು. ಬಿಲ್ಲು ತಿದ್ದುವುದು ತನ್ನ ಕೈಯಲ್ಲಿಲ್ಲ, ಖರ್ಚಾಗುವ ಕರೆಂಟನ್ನು ಕಡಿಮೆ ಮಾಡುವ ದಾರಿ ಹೇಳಬಲ್ಲೆ ಎಂದು ಆಕೆ ವಿವರಿಸುವಷ್ಟರಲ್ಲಿ ಕೆಳಗೆ ಗಿರಣಿ ಶುರುವಾಗಿ ಮಾತು ಕೇಳದಂತಾಗುತ್ತಿತ್ತು. ಬಂದವರು ಕೈ ಮುಗಿದು ಇಳಿದುಹೋಗುತ್ತಿದ್ದರು. ಮಹಿಳಾ ಸಂಘವೊಂದರಲ್ಲಿ ಬೇಳೆ ನೆನೆಸಿ ಬೇಯಿಸಿದರೆ ಗ್ಯಾಸ್ ಉಳಿಯುತ್ತದೆಂದು ಭಾಷಣ ಮಾಡಿದ್ದೂ ಆಯಿತು. ಹೆಂಗಸರು ಉಪ್ಪಿಟ್ಟು ತಿಂದು, ಚೆನ್ನಾಗಿ ಮಾತಾಡಿದಿರಿ ಎಂದು ಹೊಗಳಿ ಎದ್ದರು. ಅಲ್ಲಿಂದ ಮುಂದೆ ಕಲಾವತಿ ಭಾಷಣ ಬಿಟ್ಟು ಮನೆಗಳಿಗೇ ಹೋಗತೊಡಗಿದಳು. ಫ್ರಿಜ್ಜಿನ ಬಾಗಿಲಿನ ರಬ್ಬರು ಸಡಿಲವಾಗಿದೆಯೇ, ಗೀಜರ್ ಸ್ವಿಚ್ಚು ಹಾಕಿ ಎಷ್ಟು ಹೊತ್ತಿಗೆ ಸ್ನಾನಕ್ಕೆ ಹೋಗುತ್ತಾರೆ, ಒಲೆಯ ಬರ್ನರು ಕಟ್ಟಿಕೊಂಡಿದೆಯೇ, ಇಂಥವನ್ನು ನೋಡಿ ಹೇಳುತ್ತಿದ್ದಳು. ಹತ್ತು ಮನೆಯಲ್ಲಿ ಮೂರು ಮನೆಯವರಾದರೂ ಹೇಳಿದ್ದನ್ನು ಮಾಡುತ್ತಿದ್ದರು. ಅದಕ್ಕೇ ಆಕೆಗೆ ಸಮಾಧಾನವಿತ್ತು.

ಮರುವರ್ಷ ತಿಮ್ಮಯ್ಯ ಎಂಬವರು ಕೇಂದ್ರಕ್ಕೆ ಬಂದರು. ಅವರದು ಅಲ್ಲಿನ ಹಳೇ ಊರಿನ ಒಕ್ಕಲು ಮನೆತನ. ಹೊಲವೆಲ್ಲ ಬಡಾವಣೆಯಾದ ಮೇಲೆ ಉಳಿದ ತುಂಡು ಜಾಗದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು.

"ನಮ್ ವಠಾರದಲ್ಲಿ ನೀರಿನ ಮೋಟಾರಿಗೆ ಒಂದೇ ಮೀಟರು ಕಣಮ್ಮ. ಬಿಲ್ಲು ನಾಲ್ಕು ಮನೆಯೋರು ಹಂಚ್ಕೋತಾರೆ. ಈಗ ಯಾಕೋ ಏರ್ತಾ ಇದೆ. ಇಬ್ಬರು ಹೆಂಗಸರು ದಿನಾ ಬೀದಿಗೆ ಬರ್ತಾರೆ. ನೀವೇ ಬಂದು ಯಾರ ತಪ್ಪು ಅಂತ ಹೇಳಿಬಿಡಿ."

ಆ ಇಬ್ಬರಲ್ಲಿ ಒಬ್ಬರು ವೆಂಕಟಲಕ್ಷ್ಮಮ್ಮ, ವಠಾರದ ಹಳೆಯ ಬಾಡಿಗೆದಾರರು. ಇನ್ನೊಬ್ಬರು ದಾನಮ್ಮ. ಬಾಗಲಕೋಟೆ ಕಡೆಯಿಂದ ಗಂಡ, ಮಕ್ಕಳು, ಇಬ್ಬರು ಮೈದುನರೊಂದಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಕಲಾವತಿ ವಠಾರಕ್ಕೆ ಕಾಲಿಟ್ಟದ್ದೇ ತಡ, ವೆಂಕಟಲಕ್ಷ್ಮಮ್ಮ ಶುರುಮಾಡಿದರು. "ಆ ಮನೇಲಿ ಜನ ನೋಡಿ. ಬೆಳಗಿಂದ ಸಂಜೆ ತನಕ ಬಟ್ಟೆ ಒಗೀತಾನೇ ಇರ್ತಾರೆ. ನೀರು ಅವ್ರಿಗೆ, ಬಿಲ್ಲು ನಮಗಾ?"

ದಾನಮ್ಮ ಬಾಗಿಲಲ್ಲಿ ನಿಂತಿದ್ದರು. "ತಡೀರಿ, ನೋಡೋಣು" ಎಂದ ಕಲಾವತಿಯ ಮಾತಿನ ಧಾಟಿ ಗುರುತು ಹಿಡಿದು ಅವರ ಮುಖ ಅರಳಿತು. "ಅಕ್ಕಾರ, ನೀವು ನಮ್ಮ ಕಡೀಯವರೇನ್ರಿ? ಛಲೋ ಆತ್ ನೋಡ್ರಿ. ಬರ್ರಿ ಒಳಗ, ಚಾ ಕುಡೀರಿ."

"ಓಹೋ, ಇವ್ರೂ ಅವ್ರ ಕಡೆಯವ್ರೇ!" ವೆಂಕಟಲಕ್ಷ್ಮಮ್ಮ ತಿಮ್ಮಯ್ಯನವರತ್ತ ತಿರುಗಿದರು. "ಇನ್ನು ನ್ಯಾಯ ಆದ ಹಾಗೇ ಇದೆ."

ಕಲಾವತಿ ಒಳಗೆ ಹೋಗಲಿಲ್ಲ. "ಬೇಡಮ್ಮ, ಮೊದಲು ಮೋಟಾರು ನೋಡ್ತೀನಿ" ಎಂದು ಅಪ್ಪಟ ಬೆಂಗಳೂರಿನ ಮಾತಿನಲ್ಲೇ ಹೇಳಿದಳು. ದಾನಮ್ಮ ಸರಿದು ನಿಂತರು.

ಸ್ವಿಚ್ಚು ಹಾಕಿ ಆಕೆ ತಿಮ್ಮಯ್ಯನವರ ಮಗ ಅರುಣ್ ಕುಮಾರನನ್ನು ಟ್ಯಾಂಕು ನೋಡಲು ಮೇಲಕ್ಕೆ ಕಳಿಸಿದಳು. ಮೋಟಾರು ಓಡುತ್ತಿತ್ತು. "ನೀರು ಬರ್ತಾ ಇಲ್ಲ" ಎಂದು ಅವನು ಮೇಲಿನಿಂದ ಕೂಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೂಗಿದ. ಬಹಳ ಹೊತ್ತಿನ ಮೇಲೆ ನೀರು ಬಿತ್ತು. ಸಂಪಿನೊಳಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ನೀರನ್ನು ಹಿಡಿದಿಡುವ ವಾಲ್ವು ಸವೆದುಹೋಗಿತ್ತು. ಮೋಟಾರು ನಿಂತೊಡನೆ ಪೈಪಿನ ನೀರು ಸಂಪಿಗೇ ಇಳಿಯುತ್ತಿತ್ತು. ಮತ್ತೆ ಹಾಕಿದಾಗ ಮೋಟಾರು ಬರೀ ಗಾಳಿ ಎಳೆಯುತ್ತ ಕರೆಂಟು ತಿನ್ನುತ್ತಿತ್ತು.

"ಯಾರ ತಪ್ಪೂ ಇಲ್ಲ" ಎಂದಳು ಕಲಾವತಿ. "ವಾಲ್ವು ಬದಲಾಯಿಸಿ ಸಾಕು."

ಪ್ಲಂಬರ್ ಬಂದ, ವಾಲ್ವು ಹಾಕಿದ. ಬಿಲ್ಲು ಮುಂದಿನ ತಿಂಗಳೇ ಇಳಿಯಿತು. ವಿಚಾರಿಸಲು ಮತ್ತೆ ಹೋದ ಕಲಾವತಿಗೆ ಇಬ್ಬರೂ ಮಾತು ಬಿಟ್ಟೇ ಇರುವುದು ಕಂಡಿತು.

"ಬಿಲ್ಲು ಇಳೀತು, ಸರಿ" ಎಂದರು ವೆಂಕಟಲಕ್ಷ್ಮಮ್ಮ. "ಅವತ್ತು ಬೀದೀಲಿ ನಿಂತು ಆಯಮ್ಮ ನನ್ನ ಅಂದಿದ್ದೆಲ್ಲ ಎಲ್ಲಿ ಇಳಿಯುತ್ತೆ?"

ದಾನಮ್ಮ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ವಾಲ್ವ್ ರಿಪೇರಿ ಆತ್ರಿ. ಉಪಕಾರ ಆತು. ಬಾಯಿ ಬಿಟ್ಟು ಮಾತಾಡಾಕ ಒಬ್ರು ಸಿಕ್ರು ಅಂದ್ಕೊಂಡಿದ್ದೆ, ನೀವು ಇಲ್ಲೀಯವರಽ ಆಗೀರಿ."

ಕಲಾವತಿ ಬಿಲ್ಲಿನ ಲೆಕ್ಕ ಬರೆದುಕೊಂಡು ಹೊರಟಳು. ಆ ದಿನ ಒಳಗೆ ಹೋಗಿ ಚಹಾ ಕುಡಿದಿದ್ದರೆ ವೆಂಕಟಲಕ್ಷ್ಮಮ್ಮ ಆಕೆಯ ಒಂದು ಮಾತನ್ನೂ ನಂಬುತ್ತಿರಲಿಲ್ಲ. ಅದು ಖಂಡಿತ. ಆದರೂ ದಾನಮ್ಮನ ಮಾತು ಕೆಲವು ದಿನ ಆಕೆಯನ್ನು ಚುಚ್ಚುತ್ತಲೇ ಇತ್ತು. ಟ್ರಸ್ಟಿಗೆ ಬರೆದ ವರದಿಯಲ್ಲಿ ವಠಾರದ ಸಮಸ್ಯೆ ಬಗೆಹರಿದಿದೆ ಎಂದಳು. ಕರೆಂಟಿನ ಮಟ್ಟಿಗೆ ಅದು ನಿಜವೂ ಆಗಿತ್ತು.

ದಾನಮ್ಮನ ಸಂಸಾರ ಮುಂದೆ ಸುಂಕದಕಟ್ಟೆಗೆ ಹೋಯಿತು. ಕಲಾವತಿ ವಿಳಾಸ ಕೇಳಿಕೊಂಡು ಒಂದು ಭಾನುವಾರ ಅಲ್ಲಿಗೆ ಹೋದಳು. ಕೇಂದ್ರದ ಕೆಲಸವೇನೂ ಇರಲಿಲ್ಲ. ದಾನಮ್ಮ ಮೊದಲು ಬಿಗಿಯಾಗಿದ್ದರು. ಆಮೇಲೆ ರೊಟ್ಟಿ ಬಡಿದು ಬಡಿಸಿದರು. ತವರಿನ ಮಾತು, ಮಕ್ಕಳ ಶಾಲೆ, ಹೊಸ ಮನೆಯ ಸೆಕೆ ಎಲ್ಲ ಮಾತಾಡಿದರು. ಆದರೆ ಮತ್ತೆ ಬನ್ನಿ ಎಂದು ಒತ್ತಾಯಿಸಲಿಲ್ಲ. ಕಲಾವತಿಯೂ ಮತ್ತೆ ಹೋಗಲಿಲ್ಲ.

2009ರಲ್ಲಿ ಟ್ರಸ್ಟು ಬೇರೆ ಕೆಲಸಗಳತ್ತ ತಿರುಗಿ ಕೇಂದ್ರವನ್ನು ಮುಚ್ಚಿತು. ಸೋಲಾರ್ ಹೀಟರ್ ಮಾರುವ ಅಂಗಡಿಯವರೊಬ್ಬರು ಆಕೆಯನ್ನು ಕರೆದು ಸಲಹೆ ಹೇಳಲು ಕೂರಿಸಿಕೊಂಡರು. ಅಲ್ಲಿಗೆ ಬಂದವರು ಎಲ್ಲವನ್ನೂ ಕೇಳಿ, ಕೊನೆಗೆ ಅನುಮಾನದಿಂದ ಮುಖ ನೋಡುತ್ತಿದ್ದರು. ಮಾರುವವರ ಸಲಹೆ ಯಾರಿಗೆ ಬೇಕು? ಅದನ್ನು ಬಿಟ್ಟು ಕಲಾವತಿ ಹೆಣ್ಣುಮಕ್ಕಳ ತರಬೇತಿ ಕೇಂದ್ರವೊಂದರಲ್ಲಿ ವೈರಿಂಗ್ ಕಲಿಸುವ ಕೆಲಸಕ್ಕೆ ಸೇರಿದಳು. ಪರಿಚಯದವರು ಮಾತ್ರ ರಜೆಯ ದಿನ ಮನೆಗೇ ಹುಡುಕಿಕೊಂಡು ಬರುತ್ತಿದ್ದರು. "ಕೇಂದ್ರ ಎಲ್ಲಿ ಮುಚ್ಚೈತಿ, ನಮ್ಮ ಮನಿಗೆ ಬಂದೈತಿ ಅಷ್ಟಽ" ಎಂದು ರುದ್ರೇಶ ಗೊಣಗುತ್ತ, ಬಂದವರಿಗೆ ಕುರ್ಚಿ ಎಳೆದು ಹಾಕುತ್ತಿದ್ದ.