ಬಕ್ಕೇಶಪ್ಪ ಆರಿಸಿದ ತೆಪ್ಪ

ದಾವಣಗೆರೆಯ ಹತ್ತಿ ವ್ಯಾಪಾರಿ ಬಕ್ಕೇಶಪ್ಪನಿಗೆ ಆರಿಸುವ ಹುಚ್ಚು. ಅಂಥಿಂಥ ಹುಚ್ಚಲ್ಲ ಮಾರಾಯರೆ! ಸಂತೆಯಲ್ಲಿ ಅರ್ಧ ಸೇರು ಬದನೆಕಾಯಿಗೆ ಬುಟ್ಟಿಯನ್ನೇ ಬುಡಮೇಲು ಮಾಡುತ್ತಿದ್ದ. ತಾಟಿಗೆ ಬಡಿಸಿದ ಹೋಳಿಗೆಯನ್ನೂ ಒತ್ತಿ ನೋಡಿ, ಅದನ್ನು ಬಿಟ್ಟು ಬುಟ್ಟಿಯಿಂದ ಬೇರೆಯದನ್ನು ಎಳೆದುಕೊಳ್ಳುವ ಆಸಾಮಿ. ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಕೊರಳಿಗೆ ಕಟ್ಟುವ ಶಿವದಾರಕ್ಕೂ ತಾನೇ ನೂಲು ಆರಿಸಿದ್ದ. ಗಟ್ಟಿ ಇದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಎರಡು ಸಲ ಅದನ್ನು ಜಗ್ಗಿ ನೋಡುತ್ತಿದ್ದ.

"ಜಗ್ಗಿ ಜಗ್ಗಿನೇ ಹರಿತೀರಿ ನೋಡ್ರಿ" ಎಂದು ಹೆಂಡತಿ ನಿರ್ಮಲಮ್ಮ ಅಂದರೆ, "ಹತ್ತಿ ವಿಷ್ಯ ನಂಗೇ ಹೇಳಾಕ ಬರ್ತೀಯೇನು?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಐವತ್ತೆಂಟನೇ ಇಸವಿಯ ಸಂಕ್ರಾಂತಿಗೆ ಮನೆಮಂದಿ ಎಂಟು ಜನ ರೈಲು ಹತ್ತಿ ಹರಿಹರಕ್ಕೆ ಬಂದರು. ಹೊಳೆಯಲ್ಲಿ ಮಿಂದು, ತೆಪ್ಪದಲ್ಲಿ ನಡುಗಡ್ಡೆಗೆ ಹೋಗಿ ಬುತ್ತಿ ಬಿಚ್ಚುವುದೆಂದು ಮಾತು. ದಡದಲ್ಲಿ ಎರಡು ತೆಪ್ಪಗಳಿದ್ದವು. ಒಂದು ಭರಮಣ್ಣನದು, ಹಳೆಯದು, ಮೈತುಂಬ ತೇಪೆ.

"ಈಜು ಯಾರ್ಯಾರಿಗೆ ಬರ್ತೈತೆ?" ಎಂದು ಭರಮಣ್ಣ ಗದರಿಕೊಂಡೇ ಕೇಳಿದ. "ಒಂದ್ಸಲಕ್ಕೆ ನಾಲ್ಕೇ ಜನ. ಯಾರೂ ಎದ್ದು ನಿಂದ್ರಂಗಿಲ್ಲ. ಸಾವ್ಕಾರ್ರೆ, ಆ ಕರಡಿಗೆ ಅಂಗಿ ಒಳಗೆ ಹಾಕ್ಕಂಡು ಮ್ಯಾಲೆ ಟವಲ್ ಕಟ್ಕಳ್ರಿ."

ರೊಕ್ಕ ಕೊಟ್ಟು ಇವನ ಕೈಲಿ ಹೇಳಿಸಿಕೊಳ್ಳಬೇಕೆ? ಬಕ್ಕೇಶಪ್ಪನಿಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿ ರೇವಣ್ಣನ ಹೊಸ ತೆಪ್ಪ ಡಾಂಬರು ಮೆತ್ತಿಕೊಂಡು ಮಿರಮಿರ ಮಿಂಚುತ್ತಿತ್ತು. "ನೀವು ಹೆಂಗಂತೀರೋ ಹಂಗೆ ಸಾವ್ಕಾರ್ರೆ" ಎಂದು ರೇವಣ್ಣ ಕೈಮುಗಿದ. ಬಕ್ಕೇಶಪ್ಪ ಅದನ್ನು ಕುಂಬಳಕಾಯಿ ಬಡಿದಂತೆ ಸುತ್ತಲೂ ಬಡಿದು ನೋಡಿ, ಇದೇ ಸೈ ಅಂದ.

"ತೆಪ್ಪ ಏನ್ ನೋಡ್ತೀರಿ? ಹುಟ್ಟು ಹಾಕೋನ್ನ ನೋಡ್ರಿ" ಎಂದಳು ನಿರ್ಮಲಮ್ಮ. ಕೇಳುವವರು ಯಾರು?

ಎಂಟೂ ಜನ ಒಟ್ಟಿಗೇ ಹತ್ತಿದರು. ನಡುನೀರಿನಲ್ಲಿ ಬಕ್ಕೇಶಪ್ಪ ಎದ್ದು ನಿಂತು ಬಗ್ಗಿ ಮೀನು ತೋರಿಸತೊಡಗಿದ. "ಅಣ್ಣಾ, ಕರಡಿಗೆ ಜ್ವಾಪಾನ!" ಎಂದು ತಂಗಿ ಗುರುಶಾಂತಮ್ಮ ಕೂಗಿದಳು.

"ಆನೆ ಕಟ್ಟಿದ್ರೂ ಹರಿಯಲ್ಲ, ನೋಡು!" ಎಂದು ಶಿವದಾರ ಜಗ್ಗಿದ.

ಹರಿಯಿತು. ಕರಡಿಗೆ ಬುಳಕ್ಕನೆ ನೀರಿಗೆ ಬಿತ್ತು.

"ಮುಳುಗೋ ರೇವಣ್ಣ!"

"ನಂಗೆ ಈಜು ಬರಲ್ರಿ ಸಾವ್ಕಾರ್ರೆ. ನೀವು ಕೇಳ್ಲೇ ಇಲ್ಲಲ್ರಿ."

ಲಿಂಗ ಮೈಮೇಲಿಲ್ಲದೆ ಹನಿ ನೀರೂ ಗಂಟಲಿಗೆ ಇಳಿಯುವಂತಿಲ್ಲ. ಯಜಮಾನ ಉಣ್ಣದೆ ಉಳಿದವರು ಉಂಡಾರೆಯೇ? ನಡುಗಡ್ಡೆಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುಟ್ಟಿಯ ಸುತ್ತ ಎಂಟು ಜನ ಮುಖ ಸಣ್ಣದು ಮಾಡಿಕೊಂಡು ಕುಳಿತರು. ಬಕ್ಕೇಶಪ್ಪನಿಗೆ ಹಸಿವಿಗಿಂತ ಸಂಕಟ ದೊಡ್ಡದಾಗಿತ್ತು. ಹುಟ್ಟಿದಂದಿನಿಂದ ಎದೆಯ ಮೇಲಿದ್ದದ್ದು ಇವತ್ತು ಇರಲಿಲ್ಲ. ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಬರಿಗೈಯಾಗಿ ಬರುತ್ತಿತ್ತು.

ರೇವಣ್ಣ ಹೋಗಿ ಭರಮಣ್ಣನನ್ನು ಕರೆತಂದ. "ಎಲ್ಲಿ ಬಿತ್ತು?" ಎಂದರೆ ಏಳು ಬೆರಳು ಏಳು ಕಡೆ ಎದ್ದವು. ನಿರ್ಮಲಮ್ಮ ಮಾತ್ರ ತಡೆದು ಹೇಳಿದಳು: "ಬಿದ್ದಾಗ ಗುಡಿ ಗೋಪುರ ಆ ಹುಣಸೆಮರದ ನೆತ್ತಿ ಮ್ಯಾಲೆ ಕಾಣ್ತಿತ್ತು. ಈ ಕಡೆ ಕರೇ ಬಂಡೆ ಎದುರಿಗೇ ಇತ್ತು."

"ಅಮ್ಮಾರೆ, ನಾಳೆಯಿಂದ ನೀವೇ ತೆಪ್ಪ ನಡಸ್ರಿ!" ಎಂದು ನಕ್ಕು, ಭರಮಣ್ಣ ಅಲ್ಲಿಗೇ ಹೋಗಿ ಮುಳುಗಿದ.

ಮೊದಲ ಸಲ ಬರಿಗೈ. ಎರಡನೆಯ ಸಲ ಯಾರದೋ ಹಿತ್ತಾಳೆ ಚೆಂಬು. ಮೂರನೆಯ ಸಲ ಮುಳುಗಿದವನು ಏಳಲೇ ಇಲ್ಲ. "ಕರಡಿಗೆ ಬ್ಯಾಡಪ್ಪೋ, ನೀನು ಮ್ಯಾಲೆ ಬಾರೋ!" ಎಂದು ಬಕ್ಕೇಶಪ್ಪ ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಭರಮಣ್ಣನ ತಲೆ ಕಂಡಿತು. ನೆತ್ತಿಯ ಮೇಲೆ ಎತ್ತಿ ಹಿಡಿದ ಕೈಯಲ್ಲಿ ಕರಡಿಗೆ, ಮುಚ್ಚಳ ಭದ್ರವಾಗಿತ್ತು. ಬಕ್ಕೇಶಪ್ಪ ಗೊಳೋ ಎಂದು ಅತ್ತುಬಿಟ್ಟ.

ನಿರ್ಮಲಮ್ಮ ಸೀರೆಯ ಅಂಚು ಹರಿದು ಕರಡಿಗೆಯನ್ನು ಕೊರಳಿಗೆ ಕಟ್ಟಿದಳು. ಅವನು ಅದನ್ನು ಜಗ್ಗಿ ನೋಡಲಿಲ್ಲ. ಲಿಂಗಪೂಜೆ ಮುಗಿಸಿ, ಭರಮಣ್ಣನನ್ನು ಪಕ್ಕದಲ್ಲೇ ಕೂರಿಸಿಕೊಂಡು ತಾಟು ಚಾಚಿದ.

"ನೀನೇ ಆರಿಸಿ ಹಾಕು ಮಾರಾಯ್ತಿ."

ನಿರ್ಮಲಮ್ಮ ಬುಟ್ಟಿಯನ್ನೆಲ್ಲ ತಡಕಾಡಿ, ಅಂಚು ಸೀದ ಹೋಳಿಗೆಯೊಂದನ್ನು ಹುಡುಕಿ ಹಾಕಿದಳು. ಬಕ್ಕೇಶಪ್ಪ ಅದನ್ನು ಒತ್ತಿಯೂ ನೋಡದೆ ತಿಂದ.