ಅಜ್ಜಿ ರೈಲು ಬಿಟ್ಟ ಬೇಸಿಗೆ

ಆ ದಿನಗಳಲ್ಲಿ ನಮ್ಮ ಕಡೆಯ ಮಕ್ಕಳಿಗೆ ರೈಲೆಂದರೆ ಪಾಠದ ಪುಸ್ತಕದ ಒಂದು ಚಿತ್ರ, ಅಷ್ಟೆ. ಚಿಕ್ಕಮಗಳೂರಿಗೇ ಇನ್ನೂ ರೈಲು ಬಂದಿರಲಿಲ್ಲ, ಇನ್ನು ಬಾಳೂರಿಗೆಲ್ಲಿ ಬರಬೇಕು! ನಮ್ಮ ಶಾಲೆಯಲ್ಲಿ ರೈಲನ್ನು ಕಣ್ಣಾರೆ ಕಂಡವಳು ಜ್ಯೋತಿ ಒಬ್ಬಳೇ. ಅದೂ ಕಡೂರಿನಲ್ಲಿ, ಬಸ್ಸಿನ ಕಿಟಕಿಯಿಂದ. ಆ ಒಂದು ನೋಟದ ಬಲದಿಂದ ಅವಳು ಎರಡು ವರ್ಷ ನಮ್ಮನ್ನೆಲ್ಲ ಆಳಿದಳು. ಒಬ್ಬರ ಲಂಗ ಒಬ್ಬರು ಹಿಡಿದು ಓಡುವ ರೈಲಾಟದಲ್ಲಿ ಎಂಜಿನ್ ಯಾವತ್ತೂ ಅವಳೇ.

ನನಗಾಗ ಹತ್ತು ವರ್ಷ. ಅಪ್ಪ ಬಾಳೂರಿನಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು ಅವರ ಕೆಲಸ. ಎಸ್ಟೇಟಿನ ಒಡತಿ ಶಾರದಮ್ಮನವರು. ಎಲ್ಲರೂ ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು. ಬಂಗಲೆಯ ಎರಡು ಕೋಣೆಗಳನ್ನು ಊರು ನೋಡಲು ಬರುವವರಿಗೆ ಕೊಡುವ ಪದ್ಧತಿಯನ್ನು ಅವರು ಆಗಷ್ಟೇ ಶುರು ಮಾಡಿದ್ದರು. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ತಾಯಿ ದೇವೀರಜ್ಜಿ.

ಆ ವರ್ಷ ಹೂಮಳೆ ಚೆನ್ನಾಗಿ ಬಿದ್ದಿತ್ತು. ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿ, ಮಲ್ಲಿಗೆಯಂಥ ಆ ಘಮ ಒಗೆದ ಬಟ್ಟೆಗೂ ಅಂಟಿಕೊಳ್ಳುತ್ತಿತ್ತು. ಅಂಥ ಒಂದು ಬೆಳಿಗ್ಗೆ ಗುಜರಿಯವನ ಲಾರಿ ಬಂದು ಪಲ್ಪರ್ ಮನೆಯ ಮುಂದೆ ನಿಂತಿತು. ಪಲ್ಪರ್ ಮನೆಯೆಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ. ಅದರ ಹಿಂದಿನಿಂದ ಗುಡ್ಡದ ಮೇಲಿನವರೆಗೆ ಲಂಟಾನದ ಪೊದೆಯೊಳಗೆ ಎರಡು ಕಬ್ಬಿಣದ ಹಳಿಗಳು ಹೂತುಕೊಂಡಿದ್ದವು. ದೊರೆಗಳ ಕಾಲದಲ್ಲಿ ಹಾಕಿಸಿದ್ದು, ಒಂದು ಮೈಲಿ ಉದ್ದ, ಎರಡೇ ಅಡಿ ಅಗಲ. ಮೇಲಿನ ತೋಟದಲ್ಲಿ ಕುಯ್ದ ಹಣ್ಣನ್ನು ತುಂಬಿಕೊಂಡು ಮರದ ಟ್ರಾಲಿ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಖಾಲಿ ಟ್ರಾಲಿಯನ್ನು ಎತ್ತುಗಳು ವಾಪಸು ಎಳೆಯುತ್ತಿದ್ದವು. ಜೀಪು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ.

ಅಮ್ಮಾವ್ರು ಹಳಿಗಳನ್ನು ಕಿತ್ತು ಕೊಡಲು ಒಪ್ಪಿಯಾಗಿತ್ತು. ಅಷ್ಟರಲ್ಲಿ ನಮ್ಮಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಲ್ಲಿಗೆ ಹೋದಳು. ಹಿಂದೆ ನಾನು.

"ಕೊಡಬೇಡಿ ಅಮ್ಮಾವ್ರೇ. ಅದು ಇನ್ನೂ ಓಡ್ತದೆ."

"ನಿಮಗೆ ಹ್ಯಾಗೆ ಗೊತ್ತು ದೇವೀರಮ್ಮ?"

"ನಾನೇ ಬಿಟ್ಟಿದ್ದೀನಲ್ಲ. ನಮ್ಮನೆಯವ್ರಿಗೆ ಮಲೇರಿಯಾ ಬಂದು ಮಲಗಿದ್ದಾಗ ಒಂದು ಕುಯ್ಲು ಪೂರ್ತಿ ನಾನೇ ಬ್ರೇಕ್ ಹಿಡಿದದ್ದು. ಅವ್ರ ಕಂಬಳಿ ಕೊಪ್ಪೆ ಹೊದ್ಕೊಂಡು ನಿಲ್ತಿದ್ದೆ. ದೊರೆ ದೂರದಿಂದ ನೋಡಿ ಅವ್ರೇ ಅಂದ್ಕೊಂಡ."

ಗುಜರಿಯವನು ನಕ್ಕ. ಮೇಸ್ತ್ರಿ ರಂಗಪ್ಪನೂ ನಕ್ಕ. ಅಪ್ಪ ಮಾತ್ರ ಕೆಂಪಗಾದರು. "ಅವ್ವಾ, ಸುಮ್ನೆ ಮನೆಗೆ ನಡಿ" ಎಂದರು. ಟ್ರಾಲಿಯ ಬ್ರೇಕ್ ಹಿಡಿಯುವ ಕೆಲಸದಲ್ಲಿದ್ದ ಅಜ್ಜ ಅಪ್ಪನಿಗೆ ಇದನ್ನು ಯಾವತ್ತೂ ಹೇಳಿರಲಿಲ್ಲ. ಹೆಂಡತಿ ತನ್ನ ಕೆಲಸ ಮಾಡಿದಳೆಂದು ಯಾವ ಗಂಡಸು ಹೇಳಿಕೊಳ್ಳುತ್ತಾನೆ?

ಆದರೆ ಬಂಗಲೆಯಲ್ಲಿ ಉಳಿದಿದ್ದ ಒಬ್ಬ ಅತಿಥಿ, ಮಂಗಳೂರಿನ ನಿವೃತ್ತ ಮೇಷ್ಟ್ರು, ಅಜ್ಜಿಯ ಮಾತನ್ನು ಕಿವಿಗೊಟ್ಟು ಕೇಳಿದ್ದರು. "ಇಂಥದ್ದು ಓಡೋದಾದ್ರೆ ನೋಡೋಕೆ ಅಂತಲೇ ಜನ ಬರ್ತಾರೆ ಅಮ್ಮ" ಎಂದರು. ಅಮ್ಮಾವ್ರು ಅಜ್ಜಿಯ ಕಡೆ ತಿರುಗಿ, "ಮಳೆಗಾಲ ಹಿಡಿಯೋದ್ರೊಳಗೆ ಓಡಿಸಿ ತೋರಿಸಿ. ಇಲ್ದಿದ್ರೆ ಲಾರಿ ಮತ್ತೆ ಬರ್ತದೆ" ಎಂದರು.

ನಾನು ಶಾಲೆಗೆ ಓಡಿದೆ. ನಮ್ಮಜ್ಜಿ ರೈಲು ಬಿಡುತ್ತಿದ್ದಳು ಎಂದು ಸಂಭ್ರಮದಿಂದ ಹೇಳಿದೆ.

"ಅಜ್ಜಿ ಅಲ್ಲ ಕಣೇ, ರೈಲು ಬಿಡ್ತಿರೋದು ನೀನು!" ಎಂದಳು ಜ್ಯೋತಿ. ಇಡೀ ತರಗತಿ ಗೊಳ್ಳೆಂದಿತು. ಅವತ್ತು ನಾನು ನಿಜ ಹೇಳಿ ಸುಳ್ಳಿ ಅನ್ನಿಸಿಕೊಂಡೆ. ಬೇಸಿಗೆ ರಜೆ ಬರುವವರೆಗೂ ನನ್ನನ್ನು ಕಂಡರೆ ಎಲ್ಲರೂ 'ಕೂ' ಎನ್ನುತ್ತಿದ್ದರು.

ರಜೆ ಶುರುವಾದ ಮಾರನೆಯ ದಿನವೇ ಲಂಟಾನ ಸವರುವ ಕೆಲಸ ಹಿಡಿದೆವು. ಬಾಳೂರಿನ ರಸ್ತೆಬದಿಯಲ್ಲಿ ಜೀಪು ರಿಪೇರಿ ಮಾಡುತ್ತಿದ್ದ ಇಬ್ರಾಹಿಮಣ್ಣ ಟ್ರಾಲಿ ನೋಡಲು ಬಂದರು. ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಇಬ್ರಾಹಿಮಣ್ಣ ಕೆಳಗೆ ನುಗ್ಗಿ, ಚಕ್ರಕ್ಕೆ ಸುತ್ತಿಗೆಯಿಂದ ಬಡಿದು, "ಗಂಟೆ ಹಾಗೆ ಸದ್ದು ಬರ್ತದೆ ಮಾರಾಯ್ರೆ! ಒಂದು ಬಿರುಕಿಲ್ಲ" ಎಂದು ಕೂಗಿದರು. ಆಮೇಲೆ ಒಂದೂವರೆ ತಿಂಗಳು ಅವರ ಬಿಡುವೆಲ್ಲ ಅಲ್ಲೇ ಕಳೆಯಿತು. ಹಳೇ ಜೀಪಿನ ಬೇರಿಂಗ್ ಕೂಡಿಸಿದರು. ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕಿನ ದಿಮ್ಮಿಗೆ ಹೊನ್ನೆ ಮರ ಕೆತ್ತಿಸಿದರು. ಹಳಿಯ ಕೆಳಗಿನ ಅಡ್ಡಮರಗಳು ಎಲ್ಲಿ ಲಡ್ಡಾಗಿವೆಯೆಂದು ಅಜ್ಜಿ ಬರಿಗಾಲಿನಲ್ಲಿ ನಡೆದು, ಹಿಮ್ಮಡಿಯಿಂದ ಕುಟ್ಟಿ ತೋರಿಸಿದಳು. ಅಮ್ಮ ಹತ್ತು ಗಂಟೆಗೆ ಅಕ್ಕಿರೊಟ್ಟಿ, ಬೆಲ್ಲದ ಕಾಫಿ ಕಳಿಸುತ್ತಿದ್ದಳು. ಗ್ರೀಸಿನ ವಾಸನೆ, ಸವರಿದ ಲಂಟಾನದ ಘಾಟು, ಬಾಯಲ್ಲಿ ಕೌಳಿಹಣ್ಣಿನ ಹುಳಿ: ಬೇಸಿಗೆಯೆಂದರೆ ನನಗೆ ಇಂದಿಗೂ ಅದೇ.

ಮೊದಲ ಪರೀಕ್ಷೆಗೆ ಟ್ರಾಲಿಯಲ್ಲಿ ಕಲ್ಲಿನ ಮೂಟೆ ಹೇರಿದರು. ಬ್ರೇಕ್ ಹಿಡಿದವನು ರಂಗಪ್ಪ ಮೇಸ್ತ್ರಿ. ಅರ್ಧ ದಾರಿ ಚೆನ್ನಾಗಿಯೇ ಬಂತು. ಹಲಸಿನ ಮರದ ತಿರುವು ಬಂದಾಗ ಅವನು ಹೆದರಿ ಬ್ರೇಕಿನ ಸನ್ನೆಗೋಲನ್ನು ಬಲವಾಗಿ ಎಳೆದ. ಚಕ್ರ ಕೀರಲಿಟ್ಟು ಹಳಿ ತಪ್ಪಿ, ಟ್ರಾಲಿ ನಿಧಾನಕ್ಕೆ, ಎಮ್ಮೆ ಮಲಗುವ ಹಾಗೆ, ಪಕ್ಕಕ್ಕೆ ಮಲಗಿತು. ರಂಗಪ್ಪ ಅದಕ್ಕೆ ಮೊದಲೇ ಹಾರಿ ಕಾಫಿ ಗಿಡದಲ್ಲಿ ಕೂತಿದ್ದ.

"ಸಾಕು" ಎಂದರು ಅಮ್ಮಾವ್ರು. "ಜನರನ್ನ ಕೂರಿಸಿ ಹೀಗಾದ್ರೆ ಗತಿಯೇನು?"

ನನಗೆ ಅಳು ಬಂತು. ಅಜ್ಜಿ ಮಾತ್ರ ಬಿದ್ದ ಟ್ರಾಲಿಯ ಸುತ್ತ ಒಂದು ಸುತ್ತು ಹಾಕಿ ಬಂದಳು.

"ಟ್ರಾಲಿ ತಪ್ಪಲ್ಲ. ತಿರುವಿನ ಒಳಗೆ ಬ್ರೇಕ್ ಹಿಡಿಯಬಾರ್ದು. ಮುಂಚೆಯೇ ಹಿಡಿದು ನಿಧಾನ ಮಾಡ್ಕೊಂಡು, ತಿರುವು ಬಂದಾಗ ಬಿಟ್ಟುಬಿಡಬೇಕು. ಅದೇ ತಿರುಗ್ತದೆ. ಎತ್ತಿಹಾಕಿ, ನಾನು ಬಿಡ್ತೀನಿ."

"ಆಗದು" ಎಂದರು ಅಪ್ಪ. "ಎಪ್ಪತ್ತು ವರ್ಷ ಆಯ್ತು ನಿಂಗೆ."

"ಎಪ್ಪತ್ತಾದ್ರೆ ಮರ್ತುಹೋಗ್ತದಾ?" ಎಂದು ಅಜ್ಜಿ ಅಪ್ಪನ ಮುಖವನ್ನೇ ನೋಡಿದಳು. "ಆವತ್ತು ನಿನ್ನನ್ನ ಬೆನ್ನಿಗೆ ಕಟ್ಕೊಂಡೇ ಬಿಟ್ಟಿದ್ದು ಕಣಾ. ಮೂರು ತಿಂಗಳ ಕೂಸು. ಕಂಬಳಿಯೊಳಗೆ ನೀನು ನಿದ್ದೆ ಮಾಡ್ತಿದ್ದೆ."

ಯಾರೂ ನಗಲಿಲ್ಲ. "ನಾಳೆ ಇನ್ನೊಂದೇ ಸಲ" ಎಂದರು ಅಮ್ಮಾವ್ರು. ಮರುದಿನ ಬೆಳಿಗ್ಗೆ ಟ್ರಾಲಿ ಗುಡ್ಡದ ಮೇಲೆ ಸಿದ್ಧವಾಗಿ ನಿಂತಾಗ, ಜಾರುವ ಕಡೆ ಹಳಿಗೆ ಮರಳು ಎರಚಲು ಮುಂದೆ ಒಬ್ಬರು ಕೂರಬೇಕು ಎಂದಳು ಅಜ್ಜಿ. ಅಪ್ಪ ಚಪ್ಪಲಿ ಬಿಚ್ಚಿಟ್ಟು, ಮರಳಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಕೂತುಬಿಟ್ಟರು. ಆ ಗಡಿಬಿಡಿಯಲ್ಲಿ ನಾನು ಕಲ್ಲುಮೂಟೆಗಳ ನಡುವೆ ನುಸುಳಿದ್ದನ್ನು ಯಾರೂ ಗಮನಿಸಲಿಲ್ಲ. ಅಪ್ಪನಿಗೆ ನಾನು ಕಂಡದ್ದು ಟ್ರಾಲಿ ಹೊರಟ ಮೇಲೆ.

"ಅವ್ವಾ, ನಿಲ್ಸು! ಪುಟ್ಟಿ ಇದ್ದಾಳೆ!"

"ಇಳಿಜಾರು ಶುರುವಾಯ್ತು, ಈಗೆಂತ ನಿಲ್ಸೋದು. ಮರಳು ಹಾಕು!"

ಗುಡುಗುಡು ಸದ್ದು ನನ್ನ ಹಲ್ಲಿನವರೆಗೂ ಬಂತು. ಎರಡೂ ಪಕ್ಕದ ಕಾಫಿ ಗಿಡಗಳು ನಮ್ಮನ್ನು ಸವರಿಕೊಂಡು ಹಿಂದಕ್ಕೆ ಓಡಿದವು. ಹಳ್ಳದ ಮೇಲಿನ ಪುಟ್ಟ ಸೇತುವೆಯಲ್ಲಿ ಸದ್ದು ಒಮ್ಮೆಲೆ ಟೊಳ್ಳಾಯಿತು. ಕೆಳಗೆ ನೀರು ಹೊಳೆದು ಮಾಯವಾಯಿತು. ಅಜ್ಜಿ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಒಂದು ಕಾಲನ್ನು ಹಲಗೆಗೆ ಒತ್ತಿ ನಿಂತಿದ್ದಳು. ಹಲಸಿನ ಮರ ಕಂಡದ್ದೇ ಸನ್ನೆಗೋಲಿಗೆ ಮೈಭಾರ ಬಿಟ್ಟಳು. ಟ್ರಾಲಿ ನಿಧಾನವಾಯಿತು, ಇನ್ನೂ ನಿಧಾನವಾಯಿತು. ತಿರುವಿನ ಬಾಯಲ್ಲಿ ಅಜ್ಜಿ ಕೈ ಸಡಿಲಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಮೈ ಎಡಕ್ಕೆ ವಾಲಿತು, ಮೂಟೆಯೊಂದು ನನ್ನ ಮೇಲೆ ಒರಗಿತು, ಮತ್ತೆ ನೆಟ್ಟಗಾಯಿತು. ಕಣ್ಣು ಬಿಟ್ಟರೆ ಹಲಸಿನ ಮರ ನಮ್ಮ ಹಿಂದಿತ್ತು!

ಅಪ್ಪ ಮರಳು ಎರಚುವುದನ್ನು ಮರೆತು ಜೋರಾಗಿ ನಗುತ್ತಿದ್ದರು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಗೆ ಇಬ್ರಾಹಿಮಣ್ಣ ತಲೆಯ ಟವೆಲ್ ಬಿಚ್ಚಿ ಬೀಸುತ್ತ ಹಳಿಯ ಪಕ್ಕ ಓಡಿ ಬರುತ್ತಿದ್ದರು. ಟ್ರಾಲಿ ಸರಿಯಾಗಿ ಪಲ್ಪರ್ ಮನೆಯ ಬಾಗಿಲಿಗೆ ಬಂದು ನಿಂತಿತು. ಅಮ್ಮಾವ್ರು ಅಜ್ಜಿಯ ಕೈ ಹಿಡಿದು ಇಳಿಸಿ, "ನಮ್ಮ ಟ್ರಾಲಿಗೆ ಡ್ರೈವರ್ ನೀವೇ" ಎಂದರು. ಅಂದು ಸಂಜೆ ಅಪ್ಪ ಹಾಜರಿ ಪುಸ್ತಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ 'ದೇವೀರಮ್ಮ, ಟ್ರಾಲಿ' ಎಂದು ಬರೆದು, ಅಜ್ಜಿಗೆ ಓದಲು ಬರದಿದ್ದರೂ ಮನೆಗೆ ತಂದು ತೋರಿಸಿದರು.

ಆಮೇಲೆ ಪ್ರತಿ ಭಾನುವಾರ ನಮ್ಮ ರೈಲು. ಅತಿಥಿಗಳನ್ನು ಜೀಪಿನಲ್ಲಿ ಮೇಲೆ ಬಿಡುವುದು, ಟ್ರಾಲಿಯಲ್ಲಿ ಇಳಿಸುವುದು. ಒಂದು ಸಲಕ್ಕೆ ಆರೇ ಜನ. ಮಳೆಗಾಲ ಹಿಡಿದರೆ ರಜೆ. ಡ್ರೈವರ್ ಎಲ್ಲಿ ಎಂದು ಹುಡುಕುವವರ ಮುಂದೆ ಅಜ್ಜಿ ಎಲೆಯಡಿಕೆ ಉಗಿದು ಬಂದು ನಿಲ್ಲುತ್ತಿದ್ದಳು. ನಾನು ಸೀಟಿ ಊದುವ ಗಾರ್ಡ್. ಜ್ಯೋತಿಯೂ ಬಂದಳು. ತಿರುವಿನಲ್ಲಿ ಕಿರುಚಿ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಇಳಿದವಳೇ, "ಇನ್ನೊಂದ್ಸಲ ಕಣೇ, ಅಜ್ಜಿ ಹತ್ರ ಕೇಳೇ" ಎಂದು ಗೋಗರೆದಳು. ಕೇಳಿದೆ. ನಾಲ್ಕು ಸಲ ಕೂತಳು.

ನಮ್ಮ ಟ್ರಾಲಿ ಏಳು ಬೇಸಿಗೆ ಓಡಿತು. ಮೊದಲ ನಾಲ್ಕು ವರ್ಷ ಅಜ್ಜಿಯೇ ಬಿಟ್ಟಳು. ಆಮೇಲೆ ಅವಳು ಬೈದು ಬೈದು ಕಲಿಸಿದ ರಂಗಪ್ಪ. ಅಜ್ಜಿ ತೀರಿಕೊಂಡ ಮರುವರ್ಷದ ಮಳೆಗೆ ಗುಡ್ಡ ಜರಿದು ಸೇತುವೆ ಹೋಯಿತು. ಅಮ್ಮಾವ್ರ ನಂತರ ಎಸ್ಟೇಟು ಬೇರೆಯವರ ಕೈಗೆ ಹೋಗಿ, ಹಳಿಯಿದ್ದ ಜಾಗದಲ್ಲಿ ಈಗ ಜೀಪಿನ ರಸ್ತೆಯಿದೆ. ಚಿಕ್ಕಮಗಳೂರಿಗೂ ರೈಲು ಬಂದಿದೆ. ಆಲ್ದೂರಿನಲ್ಲಿ ನಾನು ಪಾಠ ಹೇಳುವ ಮಕ್ಕಳೆಲ್ಲ ಅದರಲ್ಲಿ ಕೂತವರೇ.

ಹೋದ ವರ್ಷ, ಎಸ್ಟೇಟಿನ ಗೇಟಿನಲ್ಲಿ ಹೆಸರು ಬರೆಸಿ, ಒಳಗೆ ಹೋಗಿ ಬಂದೆ. ಟ್ರಾಲಿ ಇಲ್ಲದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ, ನೆನಪಾಗಿ ಕಾಡಿದ್ದು ಆ ಸಂಜೆಗಳು. ಭಾನುವಾರದ ಕೊನೆಯ ಸುತ್ತು ಮುಗಿದ ಮೇಲೆ ಪಲ್ಪರ್ ಮನೆಯ ಮೆಟ್ಟಿಲ ಮೇಲೆ ಎಲ್ಲರೂ ಕೂರುತ್ತಿದ್ದೆವು. ಅಮ್ಮಾವ್ರು, ಇಬ್ರಾಹಿಮಣ್ಣ, ಲೈನು ಮನೆಗಳ ಆಳುಗಳು, ಬೆಂಗಳೂರಿನ ಅತಿಥಿಗಳು, ಎಲ್ಲರಿಗೂ ಒಂದೇ ಹಂಡೆಯ ಕಾಫಿ. ಯಾರು ಮೇಲಿನ ಮೆಟ್ಟಿಲು, ಯಾರು ಕೆಳಗಿನದು ಎಂದು ಆ ಒಂದು ಗಂಟೆ ಯಾರೂ ನೋಡುತ್ತಿರಲಿಲ್ಲ. ಅದಕ್ಕೆ ಮೊದಲು ಆ ಎಸ್ಟೇಟಿನಲ್ಲಿ ಹಾಗೆ ಕೂತವರಿರಲಿಲ್ಲ, ಈಗಲೂ ಇಲ್ಲ.

ಮೆಟ್ಟಿಲುಗಳು ಹಾಗೇ ಇವೆ. ಸ್ವಲ್ಪ ಹೊತ್ತು ನಾನೊಬ್ಬಳೇ ಕೂತಿದ್ದೆ. ಐವತ್ತು ಜನ ಕೂರುವಷ್ಟು ಜಾಗ.